ಮಕ್ಕಳಿಗೆ ಎಚ್‌ಐವಿ ಬಗ್ಗೆ ಹೇಳುವವರು ಯಾರು?

ಮಗ ಬಾಲಿಗ್ ಆದಾಗ ಗುಸ್ಲ್ ಯಾವಾಗ ಕಡ್ಡಾಯವೆಂದು ಕಲಿಸುತ್ತೇವೆ. ಮಗಳಿಗೆ ಮುಟ್ಟಿನ ದಿನಗಳ ನಿಯಮ ತಿಳಿಸುತ್ತೇವೆ. ದೇಹದ ಮಾತು ನಮ್ಮ ಮನೆಗಳಿಗೆ ಹೊಸದೇನಲ್ಲ. ಎಚ್‌ಐವಿ ಎಂದಾಗ ಮಾತ್ರ ಸುಮ್ಮನಾಗುತ್ತೇವೆ. ಅಮ್ಮಸಂದ್ರದಂಥ ಊರಿನಲ್ಲೂ ಹೈಸ್ಕೂಲ್ ಮಕ್ಕಳ ಕೈಗೆ ಮೊಬೈಲ್ ಸಿಗುತ್ತದೆ. ಉತ್ತರವನ್ನು ಅವರು ಅಲ್ಲೇ ಹುಡುಕುತ್ತಾರೆ.

ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದರಿಂದ, ಸೋಂಕಿತ ತಾಯಿಯಿಂದ ಮಗುವಿಗೆ. ಸೊಳ್ಳೆ ಕಡಿತದಿಂದ, ಒಂದೇ ತಟ್ಟೆಯ ಊಟದಿಂದ, ಶಾಲೆಯ ಶೌಚಾಲಯದಿಂದ ಬರುವುದಿಲ್ಲ. ಮದುವೆಯ ತನಕ ಸಂಯಮವಿರಲಿ ಎನ್ನುವ ನಾವು, ಕಾಂಡೋಮ್ ಸರಿಯಾಗಿ ಬಳಸಿದರೆ ಸೋಂಕು ತಡೆಯುತ್ತದೆ ಎಂಬುದನ್ನು ಬಚ್ಚಿಡಬೇಕಾಗಿಲ್ಲ.

ನಮ್ಮ ಮೌನದಿಂದ ಹೆಚ್ಚು ಹಾನಿಯಾಗುವುದು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ. ಹುಡುಗರೂ ಇದಕ್ಕೆ ಹೊರತಲ್ಲ. ಘಟನೆಯಾದ 72 ಗಂಟೆಯೊಳಗೆ ಔಷಧ ಆರಂಭಿಸಿ 28 ದಿನ ಬಿಡದೆ ಸೇವಿಸಿದರೆ ಸೋಂಕು ತಗುಲದಂತೆ ತಡೆಯುವ ಸಾಧ್ಯತೆ ಬಹಳ. ಆದಷ್ಟು ಬೇಗ ಆರಂಭಿಸಬೇಕು. ಬೈಯುತ್ತಾರೆಂದು ಮಗು ಮೂರು ದಿನ ಬಾಯಿ ಬಿಡದಿದ್ದರೆ ಆ ಅವಕಾಶ ಕೈತಪ್ಪುತ್ತದೆ. ಪೋಕ್ಸೊ ನಿಯಮದಂತೆ, ತುರ್ತು ಚಿಕಿತ್ಸೆಗೆ ಮುಂಚೆ ಪೊಲೀಸ್ ದೂರಿನ ಕಾಗದ ತನ್ನಿ ಎಂದು ಆಸ್ಪತ್ರೆ ಕೇಳುವಂತಿಲ್ಲ.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಅಂದರೆ ಮಗು ಮೊದಲು ನಮ್ಮ ಮುಂದೆ ಮಾತಾಡುವಂತಿರಬೇಕು. ಮರುದಿನವೇ ಮಾಡಿಸಿದ ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. 3 ತಿಂಗಳ ನಂತರ ಮತ್ತೆ ಮಾಡಿಸಿ. ಸಂದೇಹಗಳಿಗೆ 1097, ದೌರ್ಜನ್ಯವಾಗಿದ್ದರೆ ಮಕ್ಕಳ ಸಹಾಯವಾಣಿ 1098.