ಕ್ಯಾಮೆರಾಗೆ ಸಿಗದ ಹುಲಿಯ ಲೆಕ್ಕ

ಕಾಡುದಾರಿಯ ಇಕ್ಕೆಲದ ಮರಗಳಿಗೆ ಮೊಣಕಾಲೆತ್ತರದಲ್ಲಿ ಎರಡು ಕ್ಯಾಮೆರಾಗಳನ್ನು ಎದುರುಬದುರಾಗಿ ಕಟ್ಟಿರುತ್ತಾರೆ. ರಾತ್ರಿ ಹುಲಿಯೊಂದು ಆ ದಾರಿಯಲ್ಲಿ ನಡೆದುಬಂದರೆ ಅದರ ಮೈಶಾಖ ಮತ್ತು ಚಲನೆ ಸೆನ್ಸರ್‌ಗೆ ಗೊತ್ತಾಗುತ್ತದೆ. ಮರುಕ್ಷಣವೇ ಎರಡೂ ಬದಿಯಿಂದ ಫೋಟೊ. ಎರಡು ಕ್ಯಾಮೆರಾ ಬೇಕಾಗುವುದಕ್ಕೆ ಕಾರಣವಿದೆ: ಹುಲಿಯ ಎಡಮೈಯ ಪಟ್ಟೆಗಳೇ ಬೇರೆ, ಬಲಮೈಯ ಪಟ್ಟೆಗಳೇ ಬೇರೆ. ಒಂದು ಹುಲಿಯ ಪಟ್ಟೆಗಳ ವಿನ್ಯಾಸ ಇನ್ನೊಂದಕ್ಕೆ ಇರುವುದಿಲ್ಲ, ವಯಸ್ಸಾದರೂ ಅದು ಬದಲಾಗುವುದಿಲ್ಲ.

ಆದರೆ ಎಲ್ಲ ಹುಲಿಗಳೂ ಕ್ಯಾಮೆರಾ ಮುಂದೆ ಹಾದುಹೋಗುವುದಿಲ್ಲ. ಫೋಟೊಗೆ ಸಿಗದವನ್ನು ಎಣಿಸುವುದು ಹೇಗೆ? ಇದಕ್ಕೆ ಉತ್ತರ ಕೊಡುವುದು ಶಾಲೆಯ ಗಣಿತ ಪುಸ್ತಕದಲ್ಲಿರುವ ಅನುಪಾತ ಮತ್ತು ಸಂಭವನೀಯತೆ.

ಮೊದಲೆಲ್ಲ ಹುಲಿಗಣತಿ ಎಂದರೆ ಹೆಜ್ಜೆಗುರುತಿನ ಗಣತಿ. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ರೂಪಿಸಿದ ವಿಧಾನ ಅದು. ಸಿಬ್ಬಂದಿ ಹೆಜ್ಜೆಗುರುತಿನ ಮೇಲೆ ಗಾಜಿಟ್ಟು ಅದರ ಆಕಾರವನ್ನು ಬರೆದುಕೊಳ್ಳುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಒಣಮಣ್ಣಿನಲ್ಲಿ ಒಂದು ಥರ, ಕೆಸರಿನಲ್ಲಿ ಇನ್ನೊಂದು ಥರ ಮೂಡುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಪ್ರತಿ ಹುಲಿಯ ಹೆಜ್ಜೆಯೂ ಸಿಕ್ಕೇ ಸಿಗುತ್ತದೆ ಎಂದು ಈ ವಿಧಾನ ನಂಬಿತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳಿವೆ ಎಂದು ಕಡತಗಳು ಹೇಳುತ್ತಲೇ ಇದ್ದವು. 2005ರಲ್ಲಿ ಪರಿಶೀಲಿಸಿದಾಗ ಅಲ್ಲಿ ಒಂದೂ ಉಳಿದಿರಲಿಲ್ಲ.

ಅದಕ್ಕೂ ಬಹಳ ಮೊದಲೇ, 1990ರ ದಶಕದಲ್ಲಿ, ಕರ್ನಾಟಕದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬೇರೆ ದಾರಿ ತೆರೆದಿದ್ದರು. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಗೆ ಅವರು ‘ಹಿಡಿ–ಮತ್ತೆ ಹಿಡಿ’ ಲೆಕ್ಕಾಚಾರವನ್ನು ಅನ್ವಯಿಸಿದರು. ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಮುಂದೆ ಅದನ್ನು ಬೆಳೆಸಿದರು. ಲೆಕ್ಕದ ಬೇರು ಇನ್ನೂ ಹಳೆಯದು: ಡೆನ್ಮಾರ್ಕಿನ ಜೀವಶಾಸ್ತ್ರಜ್ಞ ಪೀಟರ್ಸನ್ 19ನೇ ಶತಮಾನದ ಕೊನೆಯಲ್ಲಿ ಮೀನುಗಳಿಗೆ ಗುರುತು ಹಾಕಿದ್ದರು, ಅಮೆರಿಕದ ಪಕ್ಷಿತಜ್ಞ ಲಿಂಕನ್ 1930ರಲ್ಲಿ ಬಾತುಗಳ ಕಾಲಿನ ಉಂಗುರಗಳಿಂದ ಅವುಗಳ ಸಂಖ್ಯೆಯನ್ನು ಅಂದಾಜಿಸಿದ್ದರು. ಹುಲಿಗೆ ಉಂಗುರ ಬೇಕಿಲ್ಲ, ಅದರ ಪಟ್ಟೆಯೇ ಗುರುತು.

ಒಂದು ಉದಾಹರಣೆ ನೋಡೋಣ. ಮೊದಲ ಸುತ್ತಿನಲ್ಲಿ 20 ಹುಲಿಗಳ ಫೋಟೊ ಸಿಕ್ಕಿತು. ಎರಡನೇ ಸುತ್ತಿನಲ್ಲಿ ಸಿಕ್ಕ 24ರಲ್ಲಿ 12 ಹುಲಿಗಳು ಮೊದಲ ಸುತ್ತಿನಲ್ಲೇ ಕಂಡಿದ್ದವು. ಅಂದರೆ ಎರಡನೇ ಸುತ್ತಿನಲ್ಲಿ ಅರ್ಧದಷ್ಟು ಪರಿಚಿತ ಹುಲಿಗಳು. ಕಾಡಿನಲ್ಲೂ ಇದೇ ಅನುಪಾತವಿದ್ದರೆ, ಆ 20 ಹುಲಿಗಳು ಒಟ್ಟು ಸಂಖ್ಯೆಯ ಅರ್ಧ. ಒಟ್ಟು 40. ಕ್ಯಾಮೆರಾ ಕಂಡದ್ದು 20, 12, 24 ಮಾತ್ರ. 40 ಎಂಬುದು ಅನುಪಾತದಿಂದ ಬಂದ ಸಂಖ್ಯೆ.

ಪರಿಚಿತ ಹುಲಿಗಳು 12ರ ಬದಲು 10 ಸಿಕ್ಕಿದ್ದರೆ? ಉತ್ತರ 48. 15 ಸಿಕ್ಕಿದ್ದರೆ 32. ಕಾಡು ಅದೇ, ಹುಲಿಗಳೂ ಅವೇ, ಆದರೂ ಆಕಸ್ಮಿಕದಿಂದ ಉತ್ತರ ಏರುಪೇರಾಗುತ್ತದೆ. ಇದನ್ನು ತರಗತಿಯಲ್ಲೇ ನೋಡಬಹುದು. ಚೀಲದ ತುಂಬ ಹುಣಸೆಬೀಜ ಹಾಕಿ, ಒಂದು ಹಿಡಿ ತೆಗೆದು ಎಣಿಸಿ, ಸುಣ್ಣದ ಚುಕ್ಕೆಯಿಟ್ಟು ವಾಪಸು ಹಾಕಿ ಕಲಕಬೇಕು. ಮತ್ತೊಂದು ಹಿಡಿ ತೆಗೆದು ಚುಕ್ಕೆಯವು ಎಷ್ಟೆಂದು ನೋಡಬೇಕು. ಪ್ರತಿ ಗುಂಪಿನ ಅಂದಾಜನ್ನು ಬೋರ್ಡಿನ ಮೇಲೆ ಬರೆದು ಸರಾಸರಿ ತೆಗೆದು, ಕೊನೆಗೆ ಬೀಜಗಳನ್ನು ಸುರಿದು ಎಣಿಸಿದರೆ, ಅಂದಾಜುಗಳು ನಿಜಸಂಖ್ಯೆಯ ಆಚೀಚೆ ಎಷ್ಟು ಹರಡಿವೆ ಎಂಬುದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಹಿಡಿ ದೊಡ್ಡದಾದಷ್ಟೂ ಆ ಹರವು ಕಿರಿದಾಗುತ್ತದೆ.

ಕ್ಯಾಮೆರಾಗಳನ್ನು ಎಷ್ಟು ದಿನ ಇಡಬೇಕೆಂಬುದೂ ಸಂಭವನೀಯತೆಯ ಪ್ರಶ್ನೆಯೇ. ಒಂದು ಹುಲಿ ಒಂದು ರಾತ್ರಿ ಕ್ಯಾಮೆರಾಗೆ ಸಿಗುವ ಸಂಭವನೀಯತೆ 0.1 ಎಂದುಕೊಳ್ಳಿ. ತಪ್ಪಿಸಿಕೊಳ್ಳುವುದು 0.9. ಹತ್ತು ರಾತ್ರಿಯೂ ತಪ್ಪಿಸಿಕೊಳ್ಳಬೇಕಾದರೆ 0.9 ಅನ್ನು ಹತ್ತು ಬಾರಿ ಗುಣಿಸಬೇಕು: ಸುಮಾರು 0.35. ಅಂದರೆ ಮೂರರಲ್ಲಿ ಒಂದು ಹುಲಿ ಇನ್ನೂ ಫೋಟೊಗೆ ಸಿಕ್ಕಿಲ್ಲ. ಮೂವತ್ತು ರಾತ್ರಿಗೆ ಅದು ಸುಮಾರು 0.04ಕ್ಕೆ ಇಳಿಯುತ್ತದೆ. ಹಾಗೆಂದು ವರ್ಷಗಟ್ಟಲೆ ಇಡುವಂತಿಲ್ಲ. ಅಷ್ಟರಲ್ಲಿ ಕೆಲವು ಸಾಯುತ್ತವೆ, ಕೆಲವು ವಲಸೆ ಹೋಗುತ್ತವೆ, ಹೊಸವು ಬರುತ್ತವೆ. ಆಗ ಮೊದಲ ಸುತ್ತಿನ ಅನುಪಾತಕ್ಕೆ ಅರ್ಥವಿರುವುದಿಲ್ಲ. ಅದಕ್ಕೇ ಸಮೀಕ್ಷೆಯನ್ನು ಕೆಲವೇ ವಾರಗಳಲ್ಲಿ ಮುಗಿಸುತ್ತಾರೆ.

ಇನ್ನೊಂದು ತೊಡಕೂ ಇದೆ. ಚೀಲದ ಬೀಜಗಳಂತೆ ಹುಲಿಗಳು ಸಮನಾಗಿ ಬೆರೆಯುವುದಿಲ್ಲ. ಗಂಡುಹುಲಿ ಹೆಚ್ಚು ತಿರುಗುತ್ತದೆ, ಹೆಚ್ಚು ಸಲ ಫೋಟೊಗೆ ಸಿಗುತ್ತದೆ. ಮರಿಗಳು ಸಿಗುವುದು ಕಡಿಮೆ. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ಎಲ್ಲಕ್ಕೂ ಒಂದೇ ಸಂಭವನೀಯತೆ ಹಚ್ಚದೆ, ಯಾವ ಹುಲಿ ಎಲ್ಲೆಲ್ಲಿ ಎಷ್ಟು ಸಲ ಕಂಡಿತು ಎಂಬುದನ್ನೂ ಲೆಕ್ಕಕ್ಕೆ ತರುತ್ತಾರೆ.

ದೇಶದ ಮಟ್ಟದಲ್ಲಿ ಈ ಕೆಲಸದ ಗಾತ್ರ ಬೆರಗು ಹುಟ್ಟಿಸುತ್ತದೆ. 2018ರ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಚಿತ್ರಗಳು ಸುಮಾರು 3.5 ಕೋಟಿ, ಅದರಲ್ಲಿ ಹುಲಿಗಳಿದ್ದದ್ದು 76,651 ಮಾತ್ರ. ಕಂಪ್ಯೂಟರ್ ನೆರವಿನಿಂದ ಪಟ್ಟೆಗಳನ್ನು ಹೋಲಿಸಿ ಗುರುತಿಸಿದ ಬೇರೆ ಬೇರೆ ಹುಲಿಗಳು, ಮರಿಗಳನ್ನು ಬಿಟ್ಟು, 2,461. ದೇಶದ ಒಟ್ಟು ಅಂದಾಜು 2,967.

2022ರ ಗಣತಿಯ ಸರಾಸರಿ ಅಂದಾಜು 3,682, ಮೇಲಿನ ಮಿತಿ 3,925. ಕರ್ನಾಟಕದ ಪಾಲು 563. ಆ ಗಣತಿಯಲ್ಲಿ ಅದಕ್ಕಿಂತ ಹೆಚ್ಚು ಹುಲಿಗಳಿದ್ದದ್ದು 785 ಇದ್ದ ಮಧ್ಯಪ್ರದೇಶದಲ್ಲಿ ಮಾತ್ರ. ಪತ್ರಿಕೆಯ ತಲೆಬರಹದಲ್ಲಿ ಒಂದೇ ಸಂಖ್ಯೆ ಇರುತ್ತದೆ. ವರದಿಯಲ್ಲಿ ಅದರ ಜೊತೆಗೇ ಅಂದಾಜು ಎಷ್ಟು ಹಿಂದೆ ಮುಂದೆ ಆಗಬಹುದು ಎಂಬ ಮಿತಿಗಳೂ ಇರುತ್ತವೆ. ಎರಡು ಗಣತಿಗಳ ನಡುವೆ ಹುಲಿ ನಿಜಕ್ಕೂ ಹೆಚ್ಚಿದೆಯೇ ಎಂದು ತೀರ್ಮಾನಿಸುವಾಗ ತಜ್ಞರು ಮೊದಲು ನೋಡುವುದು ಆ ಮಿತಿಗಳನ್ನೇ.