ಆಗುಸ್ಟೆಯ ಕಡತ ಮತ್ತು ಮರೆವಿನ ಕಾಯಿಲೆ

'ನಿಮ್ಮ ಹೆಸರೇನು?'
'ಆಗುಸ್ಟೆ.'
'ಮನೆತನದ ಹೆಸರು?'
'ಆಗುಸ್ಟೆ.'
'ಗಂಡನ ಹೆಸರು?'
'ಆಗುಸ್ಟೆ ಅನ್ನಿಸುತ್ತೆ.'

1901ರ ನವೆಂಬರ್ 26. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ 51 ವರ್ಷದ ಆಗುಸ್ಟೆ ಡೆಟರ್ ದಿಕ್ಕು ತೋಚದೆ ಹಾಸಿಗೆಯ ಮೇಲೆ ಕೂತಿದ್ದರು. ರೈಲ್ವೆ ಗುಮಾಸ್ತನ ಹೆಂಡತಿಯಾದ ಅವರು ಆಸ್ಪತ್ರೆಗೆ ದಾಖಲಾಗಿ ಒಂದೇ ದಿನವಾಗಿತ್ತು. ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದವರು ಡಾ. ಅಲೋಯಿಸ್ ಅಲ್ಜೈಮರ್. ಮಧ್ಯಾಹ್ನ ಆಕೆ ಹೂಕೋಸು, ಹಂದಿಮಾಂಸದ ಊಟ ಮಾಡುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಎಂದರು. ಹೆಸರು ಬರೆಯಿರಿ ಎಂದರೆ 'ಶ್ರೀಮತಿ' ಎಂದಷ್ಟೇ ಬರೆದು ನಿಂತರು, ಮುಂದಿನದು ಮರೆತುಹೋಗಿತ್ತು. ನಾನು ನನ್ನನ್ನೇ ಕಳೆದುಕೊಂಡಿದ್ದೇನೆ ಎಂದು ಆಕೆ ಹೇಳಿದ್ದನ್ನೂ ವೈದ್ಯರು ಬರೆದಿಟ್ಟುಕೊಂಡರು.

ವಯಸ್ಸಾದವರಿಗೆ ಅರಳುಮರಳು ಬರುವುದು ಜಗತ್ತಿಗೆ ಗೊತ್ತಿದ್ದದ್ದೇ. ಆದರೆ ಆಗುಸ್ಟೆಗೆ ಆ ವಯಸ್ಸಾಗಿರಲಿಲ್ಲ. ಅಲ್ಜೈಮರ್ ಅವರನ್ನು ಕಾಡಿದ್ದು ಅದೇ. ಮುಂದೆ ಅವರು ಮ್ಯೂನಿಕ್‌ಗೆ ಹೋದರೂ ಈ ರೋಗಿಯನ್ನು ಮರೆಯಲಿಲ್ಲ. 1906ರ ಏಪ್ರಿಲ್ 8ರಂದು ಆಕೆ ತೀರಿಕೊಂಡಾಗ ಕಡತವನ್ನೂ ಮೆದುಳನ್ನೂ ತರಿಸಿಕೊಂಡರು. ಆಗಿನ್ನೂ ಹೊಸದಾಗಿದ್ದ ಬೆಳ್ಳಿಯ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನರಕೋಶಗಳ ಹೊರಗೆ ಗಟ್ಟಿಯಾದ ಚುಕ್ಕೆಗಳು, ಒಳಗೆ ಸಿಕ್ಕುಬಿದ್ದ ಎಳೆಗಳು ಕಂಡವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನ ಮನೋವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದಾಗ ಸಭಿಕರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಅವರ ಹಿರಿಯರಾದ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಅಲ್ಜೈಮರ್ ಹೆಸರನ್ನೇ ಇಟ್ಟರು. ಅದೇ ಕಾಲಕ್ಕೆ ಪ್ರಾಗ್‌ನ ಆಸ್ಕರ್ ಫಿಶರ್ ಮುಪ್ಪಿನ ಮರೆವಿದ್ದ ಹಲವರ ಮೆದುಳಿನಲ್ಲಿ ಅಂಥವೇ ಚುಕ್ಕೆಗಳನ್ನು ಗುರುತಿಸಿದ್ದರು. ಯಹೂದಿಯಾಗಿದ್ದ ಅವರು 1942ರಲ್ಲಿ ನಾಜಿಗಳ ಸೆರೆಯಲ್ಲಿ ಸತ್ತರು. ಅವರ ಕೆಲಸ ಬಹುಕಾಲ ಮರೆಯಲ್ಲೇ ಉಳಿಯಿತು.

ಮುಪ್ಪಲ್ಲ, ಕಾಯಿಲೆ

ಹೆಸರು ಸಿಕ್ಕಿದ್ದರಿಂದ ವೃದ್ಧರಿಗೆ ತಕ್ಷಣ ಏನೂ ಅನುಕೂಲವಾಗಲಿಲ್ಲ. ಅಲ್ಜೈಮರ್ಸ್ ಎಂದರೆ ನಡುವಯಸ್ಸಿನಲ್ಲಿ ಅಪರೂಪಕ್ಕೆ ಬರುವ ಕಾಯಿಲೆ, ಎಪ್ಪತ್ತರ ಅಜ್ಜಿಗೆ ಬಂದರೆ ಅದು ಬರೀ ಮುಪ್ಪು ಎಂದು ವೈದ್ಯರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಂಬಿದ್ದರು. ಈ ಗೋಡೆ ಒಡೆದದ್ದು 1960ರ ದಶಕದ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಬ್ಲೆಸೆಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು ವೈದ್ಯರು ವೃದ್ಧರ ನಡವಳಿಕೆಯನ್ನು ಬದುಕಿದ್ದಾಗಲೇ ಅಳೆದು, ಸತ್ತ ಮೇಲೆ ಅವರ ಮೆದುಳನ್ನು ಪರೀಕ್ಷಿಸಿ, ಮರೆವು ಹೆಚ್ಚಿದಂತೆ ಚುಕ್ಕೆಗಳೂ ಹೆಚ್ಚಿದ್ದನ್ನು ತೋರಿಸಿದರು. 1976ರಲ್ಲಿ ಅಮೆರಿಕದ ನರತಜ್ಞ ರಾಬರ್ಟ್ ಕಾಟ್ಜ್‌ಮನ್, ಐವತ್ತಕ್ಕೆ ಬಂದರೂ ಎಂಬತ್ತಕ್ಕೆ ಬಂದರೂ ಇದು ಒಂದೇ ಕಾಯಿಲೆ, ಲಕ್ಷಾಂತರ ಜನರನ್ನು ಬಲಿ ತೆಗೆದುಕೊಳ್ಳುತ್ತಿರುವ ಕಾಯಿಲೆ ಎಂದು ವಾದಿಸಿದರು. ಸಂಶೋಧನೆಗೆ ಹಣ ಹರಿಯತೊಡಗಿದ್ದು ಆಮೇಲೆ.

1980ರ ದಶಕದ ಮಧ್ಯಭಾಗದಲ್ಲಿ ಆ ಚುಕ್ಕೆಗಳ ತಿರುಳು ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕೆಂದು ತಿಳಿಯಿತು. ಸಿಕ್ಕುಬಿದ್ದ ಎಳೆಗಳು ಟೌ ಎಂಬ ಇನ್ನೊಂದು ಪ್ರೋಟೀನಿನವು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ರೋಗಿಗಳ ಮೆದುಳಿನಲ್ಲಿ ಕಡಿಮೆಯಾಗುತ್ತದೆಂಬುದು 1970ರ ದಶಕದಲ್ಲೇ ಗೊತ್ತಾಗಿತ್ತು. ಅದನ್ನು ಉಳಿಸಿಕೊಳ್ಳುವ ಡೊನೆಪೆಜಿಲ್ ಮಾತ್ರೆಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ವೈದ್ಯರೂ ಇಂದಿಗೂ ಹೆಚ್ಚಾಗಿ ಬರೆಯುವುದು ಅದನ್ನೇ. ಕೆಲವರಿಗೆ ಕೆಲಕಾಲ ಸ್ವಲ್ಪ ಗೆಲುವು ಕೊಡುತ್ತದೆ, ಕಾಯಿಲೆಯನ್ನು ತಡೆಯುವುದಿಲ್ಲ. ಅಮೈಲಾಯ್ಡ್ ಅನ್ನೇ ತೊಳೆದುಹಾಕುವ ಲೆಕನೆಮ್ಯಾಬ್ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮಾನ್ಯತೆ ಪಡೆಯಿತು. ಆರಂಭದ ಹಂತದವರಲ್ಲಿ 18 ತಿಂಗಳ ಅವಧಿಗೆ ಇಳಿತದ ವೇಗ ಸುಮಾರು 27% ತಗ್ಗಿತು. ಮೆದುಳಿನಲ್ಲಿ ಊತ, ರಕ್ತಸ್ರಾವ ಆಗುವ ಅಪಾಯವೂ ಇದರ ಜೊತೆಗಿದೆ. ಹೋದ ನೆನಪನ್ನು ಮರಳಿ ತರುವ ಔಷಧಿ ಇನ್ನೂ ಬಂದಿಲ್ಲ.

ಕಡತದ ಇನ್ನೊಂದು ಭಾಗ

ಆಗುಸ್ಟೆಯ ಕಡತ 1995ರ ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯ ದಾಖಲೆಗಳ ನಡುವೆ ಮತ್ತೆ ಸಿಕ್ಕಿತು. ಅದರ ಪುಟ ತೆರೆದರೆ ಆಕೆಯ ಸಾವಿನ ಕಾರಣವೂ ಕಾಣುತ್ತದೆ: ಹಾಸಿಗೆ ಹುಣ್ಣಿನಿಂದ ರಕ್ತಕ್ಕೆ ಹರಡಿದ ನಂಜು. ಅಂದರೆ, ಜಗತ್ತಿಗೆ ಈ ಕಾಯಿಲೆಯನ್ನು ಪರಿಚಯಿಸಿದ ಹೆಣ್ಣುಮಗಳ ಜೀವ ಹೋದದ್ದು ಮಲಗಿದಲ್ಲೇ ಮಲಗಿ ಆದ ಗಾಯದಿಂದ. ಆಂಟಿಬಯಾಟಿಕ್ ಇಲ್ಲದ ಕಾಲವದು, ಆಸ್ಪತ್ರೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಈ ಕಾಯಿಲೆಯಲ್ಲಿ ಆರೈಕೆಯ ತೂಕ ಎಷ್ಟೆಂದು ಆ ಪುಟ ಅಂದೇ ಹೇಳಿತ್ತು. ವಿಜ್ಞಾನ ಮೆದುಳಿನ ಹಿಂದೆ ಹೋಯಿತು. ಎದುರಿಗೆ ಕೂತು ಮಾತಾಡಿಸಿ, ಉತ್ತರ ಕೇಳಿಸಿಕೊಳ್ಳುವ ದಾರಿ ಹಿಂದೆ ಬಿತ್ತು.

ಆ ದಾರಿಯನ್ನು ಮತ್ತೆ ಹಿಡಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನ ಟಾಮ್ ಕಿಟ್‌ವುಡ್. 1997ರ ತಮ್ಮ ಪುಸ್ತಕದಲ್ಲಿ ಅವರು, ರೋಗಿಯನ್ನು ಕುಗ್ಗಿಸುವುದು ಮೆದುಳಿನ ಹಾನಿಯೊಂದೇ ಅಲ್ಲ, ಸುತ್ತಲಿನವರ ಗದರಿಕೆ, ಅವಸರ, ಎದುರಿಗಿದ್ದರೂ ಇಲ್ಲವೆಂಬಂತೆ ಮಾತಾಡುವ ರೀತಿಯೂ ಹೌದು ಎಂದು ವಾದಿಸಿದರು. ಆರೈಕೆ ಕೇಂದ್ರಗಳಲ್ಲಿ ಗಂಟೆಗಟ್ಟಲೆ ಕೂತು, ವೃದ್ಧರ ಮೊಗದಲ್ಲಿ ಗೆಲುವು ಯಾವಾಗ ಮೂಡುತ್ತದೆ, ಯಾವಾಗ ಕುಂದುತ್ತದೆ ಎಂದು ಗುರುತು ಹಾಕಿಕೊಳ್ಳುವ ಕ್ರಮವೊಂದನ್ನೂ ಅವರ ತಂಡ ರೂಪಿಸಿತು.

ಭಾರತದಲ್ಲಿ ಈ ಕಾಯಿಲೆಗಾಗಿಯೇ ಎಆರ್‌ಡಿಎಸ್‌ಐ ಸಂಘಟನೆ ಹುಟ್ಟಿದ್ದು 1992ರಲ್ಲಿ, ಕೇರಳದಲ್ಲಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನ ಡಿಮೆನ್ಷಿಯಾ (ಇಂಥ ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಕೇಂದ್ರವಿದೆ. ಓದುಬರಹ ಬಾರದವರಿಗೆ ವಾಕ್ಯ ಬರೆಯಿರಿ ಎಂದು ಕೇಳುವ ಪಾಶ್ಚಾತ್ಯ ಪರೀಕ್ಷೆ ಹೊಂದುವುದಿಲ್ಲವೆಂದು, ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1990ರ ದಶಕದಲ್ಲಿ ಬೇರೆಯದೇ ಪ್ರಶ್ನಾವಳಿ ಸಿದ್ಧವಾಯಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ, 45 ದಾಟಿದ ಹಳ್ಳಿಗರ ಆರೋಗ್ಯವನ್ನು ವರ್ಷಗಳ ಕಾಲ ಬೆನ್ನುಹತ್ತಿ ಗಮನಿಸುತ್ತಿದೆ. ದೇಶದಲ್ಲಿ 60 ದಾಟಿದವರ ಪೈಕಿ 7.4% ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು.

ಮನೆಯಲ್ಲಿ ಮಾಡಬಹುದಾದ್ದು

ಕೇಳಿದ್ದನ್ನೇ ಕೇಳುವುದು, ನಡೆದ ದಾರಿಯಲ್ಲೇ ದಿಕ್ಕು ತಪ್ಪುವುದು, ಬ್ಯಾಂಕಿನ ಲೆಕ್ಕ ಎಡವಟ್ಟಾಗುವುದು, ಸೊಸೆಯೇ ದುಡ್ಡು ಕದ್ದಳೆಂಬ ಸಂಶಯ ಕಾಡುವುದು: ಇವು ಕಂಡರೆ 'ವಯಸ್ಸಾಯ್ತಲ್ಲ' ಎಂದು ಬಿಡಬಾರದು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಕೂಡ ಇದೇ ವೇಷದಲ್ಲಿ ಬರುತ್ತವೆ, ಅವಕ್ಕೆ ಮದ್ದಿದೆ. 2024ರ ಲ್ಯಾನ್ಸೆಟ್ ಆಯೋಗದ ವರದಿಯ ಪ್ರಕಾರ ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ದೃಷ್ಟಿದೋಷ, ಒಂಟಿತನದಂಥ 14 ಕಾರಣಗಳನ್ನು ಹತೋಟಿಗೆ ತಂದರೆ ಡಿಮೆನ್ಷಿಯಾದ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು. ಅಮ್ಮನಿಗೊಂದು ಕಿವಿಯ ಯಂತ್ರ ಕೊಡಿಸುವುದೂ ಮೆದುಳಿನ ಆರೈಕೆಯೇ.

ಕಾಯಿಲೆ ಬಂದೇಬಿಟ್ಟ ಮೇಲೆ ವಾದ ಬೇಡ. ತೀರಿಹೋದ ತಂದೆಯನ್ನು ಅಜ್ಜಿ ಹುಡುಕುತ್ತಿದ್ದರೆ 'ಅವರು ಸತ್ತು ನಲವತ್ತು ವರ್ಷವಾಯ್ತು' ಎಂದು ದಿನಕ್ಕೆ ಹತ್ತು ಸಲ ತಿದ್ದಿದರೆ ಹತ್ತು ಸಲವೂ ಆಕೆಗೆ ಹೊಸ ಸಾವು. 'ನಿಮ್ಮಪ್ಪ ಹೇಗಿದ್ರು, ಹೇಳಿ' ಎಂದರೆ ಮಾತು ಬೇರೆಡೆ ತಿರುಗುತ್ತದೆ. ಊಟ, ಸ್ನಾನ, ನಿದ್ದೆಗೆ ನಿತ್ಯ ಒಂದೇ ಹೊತ್ತು, ಬಚ್ಚಲಿನಲ್ಲಿ ಜಾರದ ನೆಲ, ರಾತ್ರಿ ಸಣ್ಣ ದೀಪ, ಜೇಬಿನಲ್ಲಿ ವಿಳಾಸದ ಚೀಟಿ, ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಇದೇ ಇಂದಿನ ದೊಡ್ಡ ಚಿಕಿತ್ಸೆ.

ಈ ಚಿಕಿತ್ಸೆ ಕೊಡುತ್ತಿರುವವರು ಬಹುಪಾಲು ಮನೆಯ ಹೆಂಗಸರು: ಹೆಂಡತಿ, ಮಗಳು, ಸೊಸೆ. ಅವರಿಗೆ ರಜೆಯಿಲ್ಲ, ಸಂಬಳವಿಲ್ಲ, ತರಬೇತಿ ಕೊಟ್ಟವರಿಲ್ಲ. ಹೊಸ ಔಷಧಿ ಬರಲಿ, ಬೇಗ ಬರಲಿ. ಅದು ಬರುವ ಮುಂಚೆಯೇ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮರೆವಿನ ತಪಾಸಣೆ, ಪ್ರತಿ ಊರಿಗೊಂದು ಹಗಲು ಆರೈಕೆ ಕೇಂದ್ರ ಬರಬೇಕು. ಅದಕ್ಕೆ ಹೊಸ ಸಂಶೋಧನೆಗಾಗಿ ಕಾಯಬೇಕಿಲ್ಲ, ಸರ್ಕಾರದ ಬಜೆಟ್ಟಿನಲ್ಲಿ ಜಾಗ ಸಿಕ್ಕರೆ ಸಾಕು.