ಕೇಳಿ ಕೊಡುವ ಅಂಗಡಿ

‘ಬಾಣಂತಿ ಖಾರದ ಸಾಮಾನು ಕೊಡಿ’ ಎಂದ ಯುವಕನಿಗೆ ಯಜಮಾನರು ಮೊದಲು ಕೊಟ್ಟಿದ್ದು ಪ್ರಶ್ನೆಗಳನ್ನು. ಹೆರಿಗೆಯಾಗಿ ಎಷ್ಟು ದಿನ? ಚೊಚ್ಚಲೋ? ಆಪರೇಷನ್ನೋ? ಖಾರ ಕುಟ್ಟೋರು ಯಾರು, ಅಮ್ಮನೋ ಅತ್ತೆಯೋ? ಆತ ತಬ್ಬಿಬ್ಬಾಗಿ ಮನೆಗೆ ಫೋನ್ ಹಚ್ಚಿದ. ಹಿಪ್ಪಲಿ ಎಷ್ಟು, ಒಣಶುಂಠಿ ಎಷ್ಟು, ಗಸಗಸೆ ಬೇಕೋ ಬೇಡವೋ ಎಂಬುದು ಆತನ ಅತ್ತೆ ಮತ್ತು ಯಜಮಾನರ ನಡುವೆಯೇ ಇತ್ಯರ್ಥವಾಯಿತು.

ಬೆಂಗಳೂರಿನ ತರಗುಪೇಟೆಯ ಆಸುಪಾಸಿನಲ್ಲಿ ಇನ್ನೂ ಉಳಿದಿರುವ ಗ್ರಂಥಿಗೆ ಅಂಗಡಿ ಇದು. ಗೋಡೆ ತುಂಬ ಮರದ ಖಾನೆಗಳು, ಒಂದಕ್ಕೂ ಚೀಟಿ ಅಂಟಿಸಿಲ್ಲ. ಕೈ ನೇರವಾಗಿ ಅಳಲೆಕಾಯಿಗೋ ಅತಿಮಧುರಕ್ಕೋ ಹೋಗುತ್ತದೆ. ಹಳೇ ಪೇಪರಿನ ಚೌಕದ ಮೇಲೆ ಸಾಮಾನು ಸುರಿದು, ಎರಡು ಅಂಚು ಮಡಚಿ, ತುದಿಯನ್ನು ಒಳಕ್ಕೆ ತೂರಿಸಿ, ಸೂರಿನಿಂದ ಇಳಿಬಿದ್ದ ದಾರವನ್ನು ಪೊಟ್ಟಣಕ್ಕೆ ಎರಡು ಸುತ್ತು ಸುತ್ತುತ್ತಾರೆ. ಬೆರಳಿಗೆ ಕುಣಿಕೆ ಹಾಕಿ ಒಂದೇ ಎಳೆತಕ್ಕೆ ದಾರ ತುಂಡು. ಕತ್ತರಿಯ ಮಾತೇ ಇಲ್ಲ.

ಕೂಸಿನ ಸಾಮಾನು ಬೇರೆಯೇ ಲೆಕ್ಕ. ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ. ಸಾಣೆಕಲ್ಲಿನ ಮೇಲೆ ಯಾವುದನ್ನು ಎಷ್ಟು ಸುತ್ತು ತೇಯಬೇಕೆಂದು ಬೆರಳು ತಿರುಗಿಸಿ ತೋರಿಸುತ್ತಾರೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ ಇಂದಿನ ವೈದ್ಯರು. ಅವರ ಮಾತೇ ಸರಿ. ಯಜಮಾನರೂ ‘ಡಾಕ್ಟ್ರನ್ನ ಕೇಳಿದ್ರಾ?’ ಎನ್ನದೆ ಬಜೆ ತೂಗುವುದಿಲ್ಲ.

ಚರಿತ್ರೆ ಕೇಳಿದರೆ ಅವರು ಕೆಂಪೇಗೌಡರಿಂದಲೇ ಶುರು ಮಾಡುತ್ತಾರೆ: 1537ರಲ್ಲಿ ಊರು ಕಟ್ಟಿದಾಗ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅಲ್ಲಿಂದ ಒಂದೇ ನೆಗೆತಕ್ಕೆ 2003. ಆ ವರ್ಷ ಜರ್ಮನಿಯ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ಬೆಂಗಳೂರಿನಲ್ಲಿ ಸಗಟು ಮಳಿಗೆ ತೆರೆಯಿತು. ಅದು ಮಾರುತ್ತಿದ್ದುದು ಅಂಗಡಿ, ಹೋಟೆಲಿನವರಿಗೆ. ‘ನನ್ನತ್ರಾನೂ ಕಾರ್ಡ್ ಇತ್ರೀ, ಸಕ್ರೆ ಅಲ್ಲಿಂದಾನೇ ತರ್ತಿದ್ದೆ’ ಎಂದು ನಗುತ್ತಾರೆ. 2023ರಲ್ಲಿ ಮೆಟ್ರೋದ ಭಾರತದ ವ್ಯವಹಾರ ರಿಲಯನ್ಸ್ ಪಾಲಾಯಿತು. ಅಷ್ಟರಲ್ಲಿ ಬಡಾವಣೆಗೊಂದು ಸೂಪರ್ ಮಾರ್ಕೆಟ್ ಬಂದಾಗಿತ್ತು.

ಸೂಪರ್ ಮಾರ್ಕೆಟ್ಟಿನಲ್ಲಿ ಬಜೆ ಸಿಗುವುದಿಲ್ಲವಲ್ಲ, ಮತ್ತೆ ಇವರಿಗೇನು ಪೆಟ್ಟು ಎಂದು ನಾನೂ ಕೇಳಿದೆ. ಪೆಟ್ಟು ಬಿದ್ದಿರುವುದು ಜೀರಿಗೆಗೆ. ಜೀರಿಗೆ, ಸಾಸಿವೆ, ಬೇಳೆ ದಿನಾ ಹೋಗುವ ಮಾಲು. ಆ ಲಾಭದಲ್ಲಿ ವರ್ಷಕ್ಕೆ ನಾಲ್ಕು ಜನ ಕೇಳುವ ಮಾಚಿಕಾಯಿಯೂ ಖಾನೆಯಲ್ಲಿ ನೆಮ್ಮದಿಯಾಗಿ ಕೂತಿರುತ್ತಿತ್ತು. ಮಿಲ್ಲಿನಿಂದ ನೇರವಾಗಿ ಲೋಡುಗಟ್ಟಲೆ ಎತ್ತುವವರ ದರಕ್ಕೆ ಬೇಳೆ ಮಾರಲು ಇವರಿಂದಾಗದು. ಬೇಳೆಯ ಗಿರಾಕಿ ಹೋದ. ಮಾಚಿಕಾಯಿಯ ಗಿರಾಕಿ ಮಾತ್ರ ಉಳಿದ. ಅವನಿಂದ ಬಾಡಿಗೆ ಹುಟ್ಟುವುದಿಲ್ಲ. ಅಗ್ಗದ ಬೇಳೆ ಕೊಳ್ಳುವವರನ್ನು ದೂರುವುದು ತಪ್ಪು, ನಾನೂ ಅವರಲ್ಲೊಬ್ಬ. ಆದರೆ ಆ ಬೇಳೆಯ ಬೆಲೆಯೊಳಗೆ ಹೆರಿಗೆ ವಿಚಾರಿಸುವ ಮಾತೂ ಸೇರಿತ್ತೆಂಬುದು ಬಿಲ್ಲಿನಲ್ಲಿ ಕಾಣುತ್ತಿರಲಿಲ್ಲ.

ಈಗ ಅಂಗಡಿಯನ್ನು ನಡೆಸುತ್ತಿರುವುದು ಪೂಜೆ ಸಾಮಾನು. ಅದಕ್ಕೂ ಸೀಲು ಹಾಕಿದ ಕಿಟ್ ಬಂದಿದೆ. ಖಾನೆಗಳಲ್ಲಿ ಕೆಲವನ್ನು ಈಚೆಗೆ ತುಂಬಿಸುವುದೇ ಇಲ್ಲ. ಇಲ್ಲದ್ದನ್ನು ಕೇಳಿದರೆ ಪಕ್ಕದ ಬೀದಿಯ ಒಂದೆರಡು ಅಂಗಡಿ ಹೇಳಿ, ‘ಇದಾರೋ ಮುಚ್ಚಿದಾರೋ, ಫೋನ್ ಮಾಡ್ಕೊಂಡು ಹೋಗಿ’ ಎನ್ನುತ್ತಾರೆ.